ಗಂಗಾದೇವಿಯ ಕಾಮಾಲೆ

ತಮಿಳುನಾಡಿನ ಗಡಿಯ ಜೂಜುವಾಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವ ಕಡೆ, ಪಂಕ್ಚರ್ ಅಂಗಡಿಗೂ ಟೀ ಅಂಗಡಿಗೂ ನಡುವೆ ಒಂದು ಕೋಳಿ ಅಂಗಡಿ ಇದೆ. ಬೋರ್ಡಿನ ಮೇಲೆ ತಮಿಳಿನಲ್ಲೊಂದು ಸಲ, ಕನ್ನಡದಲ್ಲೊಂದು ಸಲ ಚಲಪತಿಯ ಹೆಸರಿದೆ. ಆದರೆ ಈ ಚಲಪತಿ ಹುಟ್ಟಿದಾಗಿನಿಂದ ಒಂದು ಕೋಳಿಯನ್ನೂ ಕೊಯ್ದವನಲ್ಲ. ರಕ್ತ ಕಂಡರೆ ಮಹಾರಾಯ ಪಕ್ಕದ ಟೀ ಅಂಗಡಿಗೆ ಎದ್ದು ಹೋಗುತ್ತಾನೆ. ಕತ್ತಿ ಹಿಡಿದವಳು ಹೆಂಡತಿ ಗಂಗಾದೇವಿ. ಬಾಗಲೂರಿನಿಂದ ಮದುವೆಯಾಗಿ ಬಂದ ಎರಡನೇ ತಿಂಗಳಿಗೇ ಹಿಡಿದಳು, ಇಪ್ಪತ್ತೆರಡು ವರ್ಷ ಕೆಳಗಿಡಲಿಲ್ಲ. ದಿನಕ್ಕೆ ಅರವತ್ತು ಕೋಳಿ, ಭಾನುವಾರವಾದರೆ ಇನ್ನೂರು. ಒಂದು ಸಲ ಲಾರಿ ಡ್ರೈವರೊಬ್ಬ ತೂಕದಲ್ಲಿ ಮೋಸ ಅಂತ ಅವಳ ಕೈ ಹಿಡಿದು ತಿರುಗಿಸಿದ. ಇನ್ನೊಂದು ಕೈಗೆ ಸಿಕ್ಕಿದ ಎರಡು ಕಿಲೋ ತೂಕದ ಕಲ್ಲನ್ನು ಅವನ ಮಣಿಕಟ್ಟಿನ ಮೇಲೆ ಬಿಟ್ಟಳು. ಆ ಗಂಡಸು ಹೊಸೂರಿನ ತನಕ ಒಂಟಿ ಕೈಯಲ್ಲಿ ಲಾರಿ ಓಡಿಸಿಕೊಂಡು ಹೋದನಂತೆ. ಇಂಥ ಹೆಂಗಸು ಅವಳು.

ನಲವತ್ತನಾಲ್ಕನೇ ವಯಸ್ಸಿನಲ್ಲಿ, ಸ್ನಾನ ಮಾಡುವಾಗ, ಅವಳ ಎಡ ಎದೆಯಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರೋ ಏನೋ. ಇವಳಿಗೆ ಮಾಂಸದೊಳಗೆ ಇರಬಾರದ್ದು ಇದ್ದರೆ ಬೆರಳೇ ಹೇಳುತ್ತದೆ. ಮರುದಿನವೇ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಕ್ಯಾನ್ಸರೇ, ಆದರೆ ಬೇಗ ಬಂದಿದ್ದೀರಿ, ಉಳಿಯುತ್ತೀರಿ ಎಂದರು. ಗಂಟನ್ನೂ ಎಡ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಇನ್ನು ಇಪ್ಪತ್ತೊಂದು ದಿನಕ್ಕೊಂದರಂತೆ ಎಂಟು ಸಲ ಔಷಧಿ ಏರಿಸಬೇಕು ಎಂದರು.

"ಒಂದು ಮಾತು ನೆನಪಿಟ್ಕೊಳ್ಳಿ," ಎಂದಿದ್ದರು ಡಾಕ್ಟರಮ್ಮ. "ಎಡಗೈಗೆ ಇನ್ನು ಯಾವತ್ತೂ ಸೂಜಿ, ಗಾಯ ಆಗಬಾರದು. ಔಷಧಿಯೆಲ್ಲ ಬಲಗೈಯಿಂದಲೇ ಹೋಗಬೇಕು. ಔಷಧಿ ಏರಿಸಿ ಒಂದು ವಾರ ಆದ್ಮೇಲೆ ನಿಮ್ಮ ರಕ್ತದಲ್ಲಿ ಕ್ರಿಮಿ ಜೊತೆ ಹೊಡೆದಾಡೋ ಶಕ್ತಿ ಇರೋದಿಲ್ಲ. ಆಗ ಒಂದು ಚಿಕ್ಕ ಗಾಯ ಸಾಕು, ಜೀವಕ್ಕೇ ಬರುತ್ತೆ. ಜ್ವರ ನೂರು ದಾಟಿದ್ರೆ ಬೆಳಗಾಗಲಿ ಅಂತ ಕಾಯಬೇಡಿ."

ಅಷ್ಟು ಹೊತ್ತಿಗೆ ಮಗಳು ಸಿಂಚನಾಳಿಗೆ ಗುಮ್ಮಳಾಪುರದ ರಾಮಮೂರ್ತಿಯ ಮನೆಯಿಂದ ಸಂಬಂಧ ಕೂಡಿಬಂದಿತ್ತು. ಸಿಂಚನಾ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸದಲ್ಲಿದ್ದಳು. ಹುಡುಗನೂ ಅಲ್ಲೇ, ಇಬ್ಬರಿಗೂ ಮನಸ್ಸಿತ್ತು. ಎದೆಯ ಕ್ಯಾನ್ಸರು ತಾಯಿಯಿಂದ ಮಗಳಿಗೆ ಇಳಿಯುತ್ತದೆ ಅಂತ ನಮ್ಮ ಕಡೆ ಎಂಟನೇ ಕ್ಲಾಸು ಓದದವನೂ ಭಾಷಣ ಮಾಡುತ್ತಾನೆ. ಗೊತ್ತಾದರೆ ಮದುವೆ ಮುರಿಯುತ್ತದೆ, ಗಿರಾಕಿಗಳೂ ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಗಂಗಾದೇವಿ ಹೇಳಿದ್ದು ಒಂದೇ ಸುಳ್ಳು.

"ಕಾಮಾಲೆ ಅನ್ನು," ಅಂದಳು ಗಂಡನಿಗೆ. "ಯಾರು ಕೇಳುದ್ರೂ ಕಾಮಾಲೆ. ನಿಮ್ಮಮ್ಮ ಕೇಳುದ್ರೂ ಅಷ್ಟೇ. ಬಾಯ್ಬುಟ್ಟೆ ಅಂದ್ರೆ ನಾಲ್ಗೆ ಕುಯ್ದು ಕೈಗೆ ಕೊಡ್ತೀನಿ."

"ದೇವ್ರಾಣೆ ಹೇಳಲ್ಲ," ಅಂದ ಚಲಪತಿ. ಅವನ ದುರದೃಷ್ಟಕ್ಕೆ ಆ ಮಾತನ್ನು ಉಳಿಸಿಕೊಂಡ.

ಸುಳ್ಳು ಚೆನ್ನಾಗಿಯೇ ಕೂತಿತು. ಆಪರೇಷನ್ನಿನ ದಿನಗಳಲ್ಲಿ ತವರಿಗೆ ಹೋಗಿದ್ದಾಳೆ ಎಂದರು. ಆಮೇಲೆ ವಾಂತಿ ಬಂದರೆ ಕಾಮಾಲೆ, ಎಣ್ಣೆ ಬಿಟ್ಟರೆ ಕಾಮಾಲೆ, ಎದ್ದು ನಿಂತರೆ ತಲೆ ತಿರುಗಿದರೂ ಕಾಮಾಲೆ. ಕೂದಲು ಹಿಡಿಹಿಡಿಯಾಗಿ ದಿಂಬಿಗೆ ಅಂಟತೊಡಗಿದಾಗ ಸಿಂಚನಾಳನ್ನು ಕರೆದು ಪೂರ್ತಿ ಬೋಳಿಸು ಎಂದಳು, ವಾಸಿಯಾಗಲಿ ಅಂತ ತಿರುಪತಿಗೆ ಮುಡಿ ಕೊಟ್ಟೆ ಎಂದು ಬೀದಿಗೆಲ್ಲ ಹೇಳಿದಳು. ಸಿಂಚನಾ ಅಳುತ್ತಾ ಮೆಷಿನ್ ಓಡಿಸಿದಳು. ಗಂಗಾದೇವಿ ಅಳಲಿಲ್ಲ. "ಸರಿಯಾಗಿ ತೆಗಿಯಮ್ಮಿ, ಕೋಳಿ ಪುಕ್ಕ ಬುಟ್ಟಂಗೆ ಅಲ್ಲಲ್ಲಿ ಬುಡ್ಬೇಡ," ಎಂದು ಬೈದಳು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಬಕೆಟ್ಟಿಗೆ ನಲ್ಲಿ ಬಿಟ್ಟು, ಗೋಡೆಗೆ ಹಣೆ ಚಚ್ಚಿಕೊಂಡಳು.

ಔಷಧಿಯ ಹಿಂಸೆ ಒಂದೆರಡಲ್ಲ. ಕೆಂಪಗಿನದೊಂದು ಮದ್ದನ್ನು ನರ್ಸು ದಪ್ಪ ಸಿರಿಂಜಿನಲ್ಲಿ ತುಂಬಿಕೊಂಡು ಪಕ್ಕದಲ್ಲೇ ಕೂತು ನಿಧಾನಕ್ಕೆ ನರಕ್ಕೆ ನೂಕುತ್ತಿದ್ದಳು. "ಭಯಪ್ಪಡಾದೀಂಗಮ್ಮಾ, ಎರಡು ದಿನ ಉಚ್ಚೆ ಕೆಂಪಗೆ ಬರುತ್ತೆ, ಅದು ರಕ್ತ ಅಲ್ಲ," ಎಂದು ತಮಿಳು ಬೆರೆಸಿ ಧೈರ್ಯ ಹೇಳುತ್ತಿದ್ದಳು. ಮನೆಗೆ ಬಂದ ಸಂಜೆಯಿಂದ ಕರುಳು ಕಿತ್ತು ಬರುವಂಥ ವಾಂತಿ. ನಾಲಿಗೆಯ ಮೇಲೆ ಕಬ್ಬಿಣ ನೆಕ್ಕಿದ ರುಚಿ. ಬಾಯಿ ತುಂಬ ಹುಣ್ಣು, ನೀರು ಕುಡಿದರೂ ಉರಿ. ಉಗುರು ಕಪ್ಪಾದವು, ಬಲಗೈಯ ನರಗಳು ಹುರಿಹಗ್ಗದಂತೆ ಗಟ್ಟಿಯಾಗಿ ಕಪ್ಪಾದವು. ಇಪ್ಪತ್ತೆರಡು ವರ್ಷ ಅನ್ನ ಹಾಕಿದ ಕೋಳಿಯ ವಾಸನೆಯೇ ಶತ್ರುವಾಯಿತು. ಅಂಗಡಿಯ ಹಿಂದೆಯೇ ಮನೆ. ಬಿಸಿನೀರಿಗೆ ಅದ್ದಿದ ಪುಕ್ಕದ ನಾತ ಕಿಟಕಿಯಿಂದ ಒಳಗೆ ಬಂದರೆ ಅವಳು ಬಕೆಟ್ ತಬ್ಬಿಕೊಳ್ಳುತ್ತಿದ್ದಳು.

ಹಾಗಂತ ಸೋತು ಮಲಗುವ ಜಾಯಮಾನವೇ ಅಲ್ಲ. ಕಿಟಕಿಗೆ ಒದ್ದೆ ಗೋಣಿ ಕಟ್ಟಿದಳು. ವಾಂತಿಯ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಿದರೆ ನಿಲ್ಲುತ್ತದೆ ಎಂದು ಕಂಡುಕೊಂಡಳು. ರಾಗಿ ಅಂಬಲಿಯನ್ನು ಆರಿಸಿ, ಮಜ್ಜಿಗೆ ಬೆರೆಸಿ, ಗಂಟೆಗೊಂದು ಲೋಟದಂತೆ ಹಟ ಹಿಡಿದು ಕುಡಿದಳು. ವಾಂತಿಯಾದರೆ ಬಾಯಿ ತೊಳೆದು ಮತ್ತೆ ಕುಡಿದಳು. "ಈಚಿಗೆ ಬತ್ತೀಯಾ? ಬಾ. ಇನ್ನೊಂದು ಲೋಟ ಐತೆ," ಎಂದು ಹೊಟ್ಟೆಯ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ಉಪ್ಪು, ಅಡುಗೆ ಸೋಡ ಹಾಕಿದ ನೀರಲ್ಲಿ ದಿನಕ್ಕೆ ಆರು ಸಲ ಬಾಯಿ ಮುಕ್ಕಳಿಸುತ್ತಿದ್ದಳು. ಮುಕ್ಕಳಿಸುವಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಲ್ಲಿ ಬೈಗುಳ.

ಹೀಗೆ ಎರಡು ಸಲ ಮುಗಿಯಿತು. ಮೂರನೆಯದು ಏರಿಸಿಕೊಂಡು ಬಂದ ಮರುದಿನ, ಸೊಸೆಯನ್ನು ನೋಡಿಕೊಳ್ಳುತ್ತೇನೆ ಎಂದು ಅತ್ತೆ ಕಮಲಮ್ಮ ಗುಮ್ಮಳಾಪುರದಿಂದ ಚೀಲ ಹಿಡಿದು ಇಳಿದಳು. ಒಳ್ಳೆಯ ಹೆಂಗಸು, ಸೊಸೆಯೆಂದರೆ ಪ್ರಾಣ. ಅದೇ ಎಡವಟ್ಟಾಯಿತು. ಆವತ್ತು ಗಂಗಾದೇವಿಗೆ ತಲೆ ಸುತ್ತಿ, ಬಚ್ಚಲಲ್ಲಿ ನೀರು ಹುಯ್ಯಲು ಆಗದೆ ಗೋಡೆ ಹಿಡಿದುಕೊಂಡು ಬಂದು ಮಲಗಿದಳು. ಹಿಂದೆ ಹೋದ ಕಮಲಮ್ಮ ಬಚ್ಚಲ ನೆಲ ನೋಡಿ ಎದೆ ಬಡಿದುಕೊಂಡಳು.

"ಅಯ್ಯೋ ಶಿವ್ನೇ! ಉಚ್ಚೆ ಕುಂಕುಮದ ನೀರಾಗೈತಲ್ಲೋ ಚಲಪತಿ! ಕಾಮಾಲೆ ತಿರುಕ್ಕೊಂಡೈತೆ! ಎರಡು ತಿಂಗ್ಳಿಂದ ಇಂಗ್ಲಿಷ್ ಮದ್ದು ಕುಡ್ಸಿ ಕುಡ್ಸಿ ಕೊಲ್ತಾ ಇದೀಯಲ್ಲೋ ಪಾಪಿ! ಇದಕ್ಕೆ ಬರೆನೇ ಸೈ."

ಬರೆ! ನಮ್ಮ ಸೀಮೆಯಲ್ಲಿ ಕಾಮಾಲೆಗೆ ಆಸ್ಪತ್ರೆಗೆ ಹೋಗುವವರು ಹೋಗುತ್ತಾರೆ, ಆದರೆ ಕೊನೆಗೆ ಮುಂಗೈಗೆ ಕಾದ ಕಬ್ಬಿಣ ಇಡಿಸಿಕೊಂಡೇ ವಾಸಿಯಾಯಿತು ಅನ್ನುತ್ತಾರೆ. ಚಲಪತಿಯ ಬಲಗೈ ಮೇಲೂ ಎರಡು ಬರೆಯ ಗುರುತು ಉಂಟು, ಏಳನೇ ವಯಸ್ಸಿನಲ್ಲಿ ಹಾಕಿಸಿದ್ದು. ಅವನು ಅಮ್ಮನಿಗೆ ಆಗಲೇ ಹೇಳಬಹುದಿತ್ತು. ಬಾಯಿ ತೆರೆದ, ಹಾಸಿಗೆಯ ಕಡೆ ನೋಡಿದ. ಗಂಗಾದೇವಿ ಬೇಡ ಎಂದು ಕಣ್ಣಲ್ಲೇ ಗದರಿದಳು. ಬಾಯಿ ಮುಚ್ಚಿದ. ಅತ್ತೆ ಎರಡು ದಿನ ಗೊಣಗಿ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದಳು ಗಂಗಾದೇವಿ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಕಮಲಮ್ಮ ಸುಮ್ಮನಾಗಲಿಲ್ಲ. ಊರಿಗೆ ವಾಪಸ್ಸು ಹೋದವಳು ಮುಂದಿನ ಭಾನುವಾರ ಹತ್ತು ಗಂಟೆಗೆ ಬರೆ ಹಾಕುವ ಮುನಿಯಲ್ಲಪ್ಪನನ್ನು ಕರೆದುಕೊಂಡು ಬಂದಳು. ಎಪ್ಪತ್ತೈದರ ಮುದುಕ, ಕಚ್ಚೆಪಂಚೆ, ಹೆಗಲ ಮೇಲೆ ಟವಲ್ಲು. ಬರೆ ಹಾಕಲು ಅವನು ಕಾಸು ಮುಟ್ಟುವವನಲ್ಲ. ಅವನು ಮದುವೆ ಹುಡುಗನ ಅಜ್ಜಿಯ ತಮ್ಮ. ಅವರಿಬ್ಬರನ್ನೂ ತನ್ನ ಟೆಂಪೋದಲ್ಲಿ ಕೂರಿಸಿಕೊಂಡು ಬಂದವನು ಖುದ್ದು ರಾಮಮೂರ್ತಿ, ಹುಡುಗನ ಅಪ್ಪ. ಬೀಗಿತ್ತಿಯಾಗುವವಳಿಗೆ ಹುಷಾರಿಲ್ಲವೆಂದರೆ ಮನುಷ್ಯ ಸುಮ್ಮನಿರುತ್ತಾನೆಯೇ?

ಆವತ್ತಿಗೆ ಔಷಧಿ ಏರಿಸಿ ಒಂಬತ್ತನೇ ದಿನ. ಗಂಗಾದೇವಿ ನೈಟಿ ತೊಟ್ಟು, ಬೋಳು ತಲೆಗೆ ಟವಲ್ಲು ಸುತ್ತಿ ಮಂಚದ ಮೇಲೆ ಒರಗಿದ್ದಳು. ಅಂಗಡಿಯಲ್ಲಿ ಭಾನುವಾರದ ನೂಕುನುಗ್ಗಲು, ಸಿಂಚನಾ ಒಬ್ಬಳೇ ಕತ್ತಿ ಹಿಡಿದು ನಿಂತಿದ್ದಳು. ಚಲಪತಿ ಬಂದವರಿಗೆ ನೀರು ಕೊಡಲು ಒಳಗೆ ಬಂದಿದ್ದ. ಮುನಿಯಲ್ಲಪ್ಪ ಟವಲ್ಲಿನ ಗಂಟಿನಿಂದ ಗೇಣುದ್ದದ ಕಬ್ಬಿಣದ ಕಡ್ಡಿ ತೆಗೆದು, ಗ್ಯಾಸ್ ಒಲೆ ಹಚ್ಚಿ, ಉರಿಯ ಮೇಲಿಟ್ಟ.

"ತಾತಾ, ನಂಗೆ ಬರೆ ಬ್ಯಾಡ," ಎಂದಳು ಗಂಗಾದೇವಿ. "ಆಸ್ಪತ್ರಿ ಮದ್ದು ನಡೀತಾ ಐತೆ."

"ಎಲ್ರೂ ಬ್ಯಾಡ ಅಂತಾರೆ ಕಣಮ್ಮಿ. ಒಂದ್ ಗಳಿಗೆ ಅಷ್ಟೇ. ಚುರ್ ಅಂತೈತೆ, ಮುಗೀತು."

"ಬ್ಯಾಡ ಅಂದ್ನಲ್ಲಾ!"

"ನೋಡಿದ್ರಾ, ಪಿತ್ತ ತಲೆಗೇರೈತೆ," ಎಂದಳು ಕಮಲಮ್ಮ ಕಣ್ಣೊರೆಸಿಕೊಂಡು. "ರಾಮಮೂರ್ತಿಯಣ್ಣ, ಒಸಿ ಹಿಡ್ಕೊಳ್ರಣ್ಣ. ಬಿಟ್ರೆ ಸತ್ತೋಯ್ತಾಳೆ ನನ್ ಸೊಸೆ."

ಗಂಗಾದೇವಿ ಮಂಚದಿಂದ ಜಿಗಿದಳು. ಮುಂಚಿನ ಗಂಗಾದೇವಿಯಾಗಿದ್ದರೆ ಆ ಮೂವರನ್ನೂ ಬೀದಿಗೆ ತಳ್ಳುತ್ತಿದ್ದಳು. ಈಗ ಎರಡು ಹೆಜ್ಜೆಗೆ ಕಣ್ಣು ಕತ್ತಲಿಟ್ಟಿತು. ರಾಮಮೂರ್ತಿ ಹಿಂದಿನಿಂದ ಭುಜ ಹಿಡಿದು ನೆಲಕ್ಕೆ ಕೂರಿಸಿದ. ಅವಳು ಮೊಣಕೈಯಿಂದ ಅವನ ಪಕ್ಕೆಗೆ ಗುದ್ದಿದಳು. ಅತ್ತೆ ಕಾಲುಗಳ ಮೇಲೆ ಕೂತು ತಬ್ಬಿಕೊಂಡಳು, ಅಳುತ್ತಲೇ. ಒದ್ದ ಏಟಿಗೆ ಕಮಲಮ್ಮನ ತುಟಿ ಒಡೆದು ರಕ್ತ ಬಂತು, ಆದರೂ ಬಿಡಲಿಲ್ಲ. ಒಂದು ಮಾತು ಹೇಳಿದರೆ ಸಾಕಿತ್ತು. ಆ ಮಾತು ಗಂಟಲ ತನಕ ಬಂದಾಗಲೆಲ್ಲ, ಬೆನ್ನ ಹಿಂದೆ ಏದುಸಿರು ಬಿಡುತ್ತಿದ್ದ ಹುಡುಗನ ಅಪ್ಪನ ನೆನಪಾಗಿ ನುಂಗಿಕೊಂಡಳು. ಮುನಿಯಲ್ಲಪ್ಪ ಕಡ್ಡಿ ತಿರುಗಿಸುತ್ತಾ, "ಚಲಪತಿ, ಆ ಎಡಗೈ ಹಿಡ್ಕೊಳಪ್ಪ, ನಾನು ಬಲಗೈಗೆ ಇಕ್ತೀನಿ," ಎಂದ.

ಹಿಡಿದವರಲ್ಲಿ ಎಲ್ಲ ಗೊತ್ತಿದ್ದವನು ಚಲಪತಿಯೊಬ್ಬನೇ. ಎಡಗೈ ಯಾಕೆ ಮುಟ್ಟಬಾರದು, ಬಲಗೈ ಯಾಕೆ ಸುಡಬಾರದು, ಒಂದು ಗಾಯದಿಂದ ಏನಾಗುತ್ತದೆ, ಎಲ್ಲ ಡಾಕ್ಟರಮ್ಮನ ಎದುರು ಕೂತು ಕೇಳಿಸಿಕೊಂಡವನು. ರಾಮಮೂರ್ತಿ ಅವನ ಮುಖ ನೋಡಿದ. ಹಿಡಿಯುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕು. ಚಲಪತಿ ಬಂದು ಮಂಡಿಯೂರಿದ, ಹೆಂಡತಿಯ ಎಡಗೈಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ.

ಗಂಗಾದೇವಿ ಅವನನ್ನೇ ನೋಡಿದಳು. ಅವನು ನೆಲ ನೋಡುತ್ತಿದ್ದ. ಆಪರೇಷನ್ ಆದ ಕಂಕುಳು ಹರಿದುಹೋಗುವಂತೆ ಸೆಳೆಯಿತು. ಅವಳು ಬಗ್ಗಿ ಅವನ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿದಳು. ಹುಣ್ಣಾದ ಬಾಯಿ, ಕಚ್ಚಿದ್ದಕ್ಕೆ ಅವಳಿಗೇ ಜೀವ ಹೋದಂತಾಯಿತು, ಆದರೂ ಮೂಳೆ ಹಲ್ಲಿಗೆ ಸಿಗುವ ತನಕ ಕಚ್ಚಿದಳು. ಚಲಪತಿ ಅರಚಿದ. ಅದೇ ಹೊತ್ತಿಗೆ ಕೆಂಪಗೆ ಕಾದ ಕಡ್ಡಿಯ ತುದಿ ಅವಳ ಬಲ ಮುಂಗೈಗೆ ತಾಗಿತು. ಚರ್ಮ ಸುಟ್ಟ ವಾಸನೆ ಬಂತು.

ಅವಳ ಬಾಯಿಂದ ಹೊರಟ ಕೂಗಿಗೆ ಅಂಗಡಿಯ ಮುಂದಿನ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಮೈಯಲ್ಲಿ ಉಳಿದಿದ್ದ ಬಲವನ್ನೆಲ್ಲ ಒಟ್ಟುಮಾಡಿ ಕೊಸರಿಕೊಂಡು ಎದ್ದಳು. ತಲೆಯ ಟವಲ್ಲು ಕಳಚಿ ಬಿತ್ತು. ನೈಟಿಯ ಕೊರಳಪಟ್ಟಿಗೆ ಕೈ ಹಾಕಿ ಹೊಕ್ಕುಳ ತನಕ ಸೀಳಿದಳು.

"ನೋಡ್ರಲಾ! ಕಣ್ ಬುಟ್ಟು ನೋಡ್ರಿ! ಎಲ್ಲೈತೆ ಕಾಮಾಲೆ? ಕ್ಯಾನ್ಸರ್ ನಂಗೆ, ಕ್ಯಾನ್ಸರ್! ಎದೆ ಕುಯ್ಸ್ಕೊಂಡು ಬಂದಿವ್ನಿ. ಬದುಕ್ಬೇಕು ಅಂತ ವಿಷ ಏರ್ಸ್ಕೊಂತಿವ್ನಿ. ಇವತ್ತು ಈ ಗಾಯ ಕೀವಾದ್ರೆ ನಾನು ಸತ್ತೆ. ಗೊತ್ತು ಈ ನನ್ ಮಗ್ನಿಗೆ, ನನ್ ಗಂಡಂಗೆ! ಗೊತ್ತಿದ್ದೂ ಹಿಡ್ಕೊಂಡ!"

ಅಡ್ಡಡ್ಡ ಹೊಲಿಗೆ ಬಿದ್ದ ಎಡ ಎದೆ, ಕಂಕುಳಿನ ಸೀಳು ಗುರುತು, ಎಲ್ಲ ಎದುರಿಗಿತ್ತು. ಕಮಲಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಕುಸಿದಳು. ರಾಮಮೂರ್ತಿ ಮುಖ ಆ ಕಡೆ ತಿರುಗಿಸಿದ. ಕೂಗು ಕೇಳಿ ಅಂಗಡಿಯಿಂದ ಓಡಿಬಂದ ಸಿಂಚನಾ ಬಾಗಿಲಲ್ಲಿ ನಿಂತಳು, ಮೊಣಕೈ ತನಕ ಕೋಳಿ ರಕ್ತ, ಕೈಯಲ್ಲಿ ಕತ್ತಿ.

"ನಿಂಗೂ ಗೊತ್ತಿತ್ತೇನಮ್ಮ?" ಎಂದು ಕೇಳಿದ ರಾಮಮೂರ್ತಿ.

"ನಾನೇ ಕಣ್ರೀ ಅಮ್ಮನ ತಲೆ ಬೋಳ್ಸಿದ್ದು," ಎಂದಳು ಸಿಂಚನಾ. ಕತ್ತಿ ಕೆಳಗಿಟ್ಟು, ತಾಯಿಗೆ ದುಪಟ್ಟಾ ಹೊದಿಸಿ, ಸುಟ್ಟ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು.

ಮುನಿಯಲ್ಲಪ್ಪ ಮಾತ್ರ ಕಡ್ಡಿ ಹಿಡಿದುಕೊಂಡು ನಿಂತ ಜಾಗದಲ್ಲೇ ಇದ್ದ.

"ನನ್ ಹೆಂಡ್ರಿಗೂ ಎದೇಲಿ ಹಿಂಗೇ ಗಂಟಾಗಿತ್ತು," ಎಂದ, ಯಾರ ಕಡೆಯೂ ನೋಡದೆ. "ಮೂರು ಬರೆ ಇಕ್ಕಿದೆ. ನಾನೇ. ಅವ್ಳು ಬ್ಯಾಡ ಅನ್ಲೇ ಇಲ್ಲ ಕಣಮ್ಮಿ."

ಕಡ್ಡಿಯನ್ನು ಪಾತ್ರೆ ತೊಳೆಯುವ ನೀರಿಗೆ ಎಸೆದು ಹೊರಗೆ ಹೋಗಿ ಟೆಂಪೋದಲ್ಲಿ ಕೂತ. ರಾಮಮೂರ್ತಿಯೂ ಹೊರಟ. ಮಂಗಳವಾರ ಫೋನ್ ಬಂತು, ಜಾತಕ ಕೂಡಲಿಲ್ಲವಂತೆ. ನಾಲ್ಕು ತಿಂಗಳ ಹಿಂದೆ ಕೂಡಿದ ಜಾತಕ ಮಂಗಳವಾರ ಬಿಟ್ಟುಕೊಂಡಿತು, ಥೂ ಅವರ! ಹುಡುಗ ಒಂದು ಮೆಸೇಜು ಕೂಡ ಹಾಕಲಿಲ್ಲ. ಆವತ್ತು ಗಂಗಾದೇವಿ ಮಗಳ ಮುಂದೆಯೇ ಬಾಯಿಬಿಟ್ಟು ಅತ್ತಳು. "ನನ್ ಜೀವಕ್ಕೆ ನಿನ್ ಬಾಳು ಕೊಟ್ಬುಟ್ನಲ್ಲೇ," ಎಂದಳು. ಸಿಂಚನಾಳ ಕಣ್ಣೂ ಊದಿಕೊಂಡಿದ್ದವು. "ಇಷ್ಟಕ್ಕೇ ಬಿಟ್ಟೋಗೋನು ಇನ್ನೇನು ಬಾಳು ಕೊಡ್ತಿದ್ದ, ಅಂಬಲಿ ಕುಡಿ," ಎಂದು ಲೋಟ ಮುಂದೆ ಹಿಡಿದಳು.

ಬುಧವಾರ ಬೆಳಿಗ್ಗೆ ಬರೆಯ ಸುತ್ತ ಕೆಂಪಗೆ ಊದಿತು. ಹುಣಸೆಬೀಜದಷ್ಟು ಗಾಯ, ಅಷ್ಟೇ. ಚಳಿ ಬಂದು ಹಲ್ಲು ಕಟಕಟಿಸಿದವು. ಸಿಂಚನಾ ಥರ್ಮಾಮೀಟರ್ ಇಟ್ಟು ನೋಡಿದರೆ ನೂರಾ ಎರಡು. ಚಲಪತಿ ಏನೂ ಕೇಳದೆ ಹೆಂಡತಿಯನ್ನು ಎತ್ತಿಕೊಂಡು ಆಟೋಗೆ ಓಡಿದ. ದಾರಿಯುದ್ದಕ್ಕೂ ಅವಳ ತಲೆ ಅವನ ತೊಡೆಯ ಮೇಲಿತ್ತು. ಎತ್ತಿ ಪಕ್ಕಕ್ಕಿಡುವ ಶಕ್ತಿಯಿದ್ದಿದ್ದರೆ ಅವಳು ಇಡುತ್ತಿದ್ದಳು.

ಡಾಕ್ಟರಮ್ಮ ಗಾಯ ನೋಡಿ ಕೆಂಡವಾದರು. ರಕ್ತ ಪರೀಕ್ಷೆಯ ಚೀಟಿ ನೋಡಿ ಇನ್ನೂ ಕೆಂಡವಾದರು. "ಹೊಡೆದಾಡೋ ಕಣಗಳೇ ಇಲ್ಲ ಇವರಲ್ಲಿ! ಈಗಲೇ ಆ್ಯಂಟಿಬಯೋಟಿಕ್ ಹೋಗ್ಬೇಕು. ನಾಲ್ಕನೇ ಡೋಸು ಮುಂದಕ್ಕೆ, ಇವರು ಉಳಿದರೆ. ಯಾರು ಮಾಡಿದ್ದು ಇದು?"

"ಬಾಣಲೆ ತಾಗ್ತು ಮೇಡಂ," ಎಂದ ಚಲಪತಿ.

"ಬಾಣಲೆ ಇಷ್ಟು ಸಣ್ಣಕ್ಕೆ, ಬೊಟ್ಟು ಇಟ್ಟ ಹಾಗೆ ತಾಗುತ್ತೇನ್ರಿ? ನಿಮ್ಮ ಕೈಗೇನಾಯ್ತು?"

ಅವನ ಹೆಬ್ಬೆರಳಿನ ಬುಡಕ್ಕೆ ಸುತ್ತಿದ್ದ ಬಟ್ಟೆ ಕೀವು ಕುಡಿದು ಹಳದಿಯಾಗಿತ್ತು. "ನಾಯಿ ಕಚ್ಚಿತು," ಎಂದ.

ಮಂಚದ ಮೇಲಿಂದ ಗಂಗಾದೇವಿ ತುಟಿ ಬಿಡಿಸಿದಳು. ಬಾಯೆಲ್ಲ ಹುಣ್ಣು, ಒಂದೊಂದು ಅಕ್ಷರಕ್ಕೂ ರಕ್ತ ಬರುತ್ತಿತ್ತು.

"ನಾಯಲ್ಲ. ನಾನು. ಯಾಕೆ ಅಂತ ಅವ್ನನ್ನೇ ಕೇಳಿ."

ವಾರ್ಡಿನಲ್ಲಿ ಹನ್ನೆರಡು ಮಂಚ. ಎಲ್ಲರೂ ಈ ಕಡೆ ನೋಡುತ್ತಿದ್ದರು. ಚಲಪತಿ ಗೋಡೆಗೆ ಒರಗಿ ನಿಂತ.

"ಬರೆ ಹಾಕ್ಸಿದ್ವಿ ಮೇಡಂ. ಮೂರು ಜನ ಇವ್ಳನ್ನ ಹಿಡ್ಕೊಂಡಿದ್ವಿ. ಮಿಕ್ಕಿದೋರ್ಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಬ್ಯಾಡ ಬ್ಯಾಡ ಅಂತ ಬಡ್ಕೊಂಡ್ಳು, ಬೀಗ್ರು ನೋಡ್ತಾವ್ರೆ ಅಂತ ನಾನು ಹಿಡ್ಕೊಂಡೇ ಇದ್ದೆ."

ಡಾಕ್ಟರಮ್ಮ ಸೂಜಿ ಹಾಕಲು ಹೇಳಿ ಮುಂದಿನ ಮಂಚಕ್ಕೆ ಹೋದರು.

ಕ್ಷಮಿಸಿದಳೇ ಎಂದು ಕೇಳಬೇಡಿ. ಇಲ್ಲ. ಅವನ ಮುಖ ನೋಡಿದರೆ ಈಗಲೂ ಕಚ್ಚಬೇಕೆನಿಸುತ್ತಿತ್ತು ಅವಳಿಗೆ. ಆದರೆ ಸೂಜಿ ಹೋಗಬೇಕಿತ್ತು. ಎಡಗೈ ಮುಟ್ಟುವ ಹಾಗಿಲ್ಲ. ಬಲಗೈಯಲ್ಲಿ ಗಾಯದ ಜಾಗ ಬಿಟ್ಟರೆ ಉಳಿದದ್ದು ಅಂಗೈ ಹಿಂಭಾಗ, ಅಲ್ಲಿ ಒಣಗಿದ ನಾಲ್ಕು ನರ. ಚಳಿಗೆ ಕೈ ನಿಲ್ಲದೆ ಅದುರುತ್ತಿತ್ತು.

"ಯಾರಾದ್ರೂ ಕೈ ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದಳು ನರ್ಸು.

ಸಿಂಚನಾ ಔಷಧಿ ತರಲು ಕೆಳಗೆ ಹೋಗಿದ್ದಳು. ಚಲಪತಿ ಒಂದು ಹೆಜ್ಜೆ ಮುಂದೆ ಬಂದು ನಿಂತ. ಕೈ ಚಾಚಲಿಲ್ಲ.

"ಹಿಡ್ಕೊಳ್ಳಾ?" ಎಂದು ಹೆಂಡತಿಯನ್ನು ಕೇಳಿದ. ಇಪ್ಪತ್ತೆರಡು ವರ್ಷದಲ್ಲಿ ಅವಳನ್ನು ಮುಟ್ಟುವ ಮುಂಚೆ ಅವನು ಕೇಳಿದ್ದು ಅದೇ ಮೊದಲು.

"ಹಿಡ್ಕೋ," ಎಂದಳು ಗಂಗಾದೇವಿ. "ಬ್ಯಾಡ ಅಂದಾಗ ಬುಡು."

ಅವನು ಹಿಡಿದುಕೊಂಡ. ನರ್ಸು ಅರ್ಧ ಗಂಟೆ ನರ ಹುಡುಕಿದಳು. ಅಷ್ಟರಲ್ಲಿ ಗಂಗಾದೇವಿ ಎರಡು ಸಲ ಬೇಡ ಎಂದಳು, ಎರಡು ಸಲವೂ ಅವನು ಬಿಟ್ಟ. ಮೂರನೇ ಸಲ ಅವಳು ಏನೂ ಹೇಳಲಿಲ್ಲ, ಸೂಜಿ ಒಳಗೆ ಹೋಯಿತು.